ಮನೆ ಮಾರುವ ದಿನ: ಕಲ್ಯಾಣದಿಂದ ಕಾವೇರಿಯವರೆಗೆ

ಮನೆ ಕಟ್ಟುವುದರ ಬಗ್ಗೆ, ಮನೆ ಕೊಳ್ಳುವುದರ ಬಗ್ಗೆ, ಗೃಹಪ್ರವೇಶದ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಜನ ಬರೆದಿದ್ದಾರೆ. ಮನೆ ಮಾರುವುದರ ಬಗ್ಗೆ ಬರೆದವರು ಕಡಿಮೆ. ಯಾಕೆ ಅಂದರೆ ಅದು ಸಂಭ್ರಮದ ವಿಷಯ ಅಲ್ಲವಲ್ಲ. ಗೃಹಪ್ರವೇಶಕ್ಕೆ ಕಾರ್ಡ್ ಹೊಡೆಸುತ್ತಾರೆ, ಮನೆ ಮಾರುವ ದಿನಕ್ಕೆ ಯಾರೂ ಹೊಡೆಸುವುದಿಲ್ಲ :-) ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ, ಟೋಕನ್ ತಗೊಂಡು, ರಾಹುಕಾಲ ತಪ್ಪಿಸಿ, ಫೋಟೋ ತೆಗೆಸಿ, ಹೆಬ್ಬೆಟ್ಟು ಒತ್ತಿ, ಬೀಗದ ಕೈ ಕೊಟ್ಟು, ಹೋಟೆಲಿನಲ್ಲಿ ಕಾಫಿ ಕುಡಿದು ಬಂದರೆ ಮುಗೀತು.

ಆದರೆ ಆ ಒಂದು ದಿನದ ಹಿಂದೆ ಎಷ್ಟು ತಯಾರಿ ಬೇಕು ಅನ್ನುವುದು ಮಾರಿದವರಿಗೇ ಗೊತ್ತು. ಆ ತಯಾರಿಯಲ್ಲಿ ಒಂದೊಂದು ಕಾಗದ, ಒಂದೊಂದು ಶಬ್ದ, ಒಂದೊಂದು ಸಹಿ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದರೆ ಒಳ್ಳೇ ಚರಿತ್ರೆಯೇ ಸಿಗುತ್ತದೆ. ಅದರ ಮೊದಲ ಅಧ್ಯಾಯ ನಮ್ಮ ಕರ್ನಾಟಕದಲ್ಲೇ ಬರೆದದ್ದು. ಹಾಗಾಗಿ ಇವತ್ತು ಇದೇ ಕಥೆ. ಸ್ವಲ್ಪ ಉದ್ದ ಇದೆ, ಕಾಫಿ ಇಟ್ಟುಕೊಂಡು ಕೂತುಕೊಳ್ಳಿ.

ಭೂಮಿ ಕೈ ಬದಲಾಯಿಸಲು ಬೇಕಾದ ಆರು

ಬೀದರ್ ಜಿಲ್ಲೆಯ ಬಸವಕಲ್ಯಾಣ ಅಂದರೆ ನಮಗೆ ತಕ್ಷಣ ನೆನಪಾಗುವುದು ಬಸವಣ್ಣ, ಅನುಭವ ಮಂಟಪ. ಅದಕ್ಕಿಂತ ಸ್ವಲ್ಪ ಮುಂಚೆ ಅದೇ ಊರು ಕಲ್ಯಾಣದ ಚಾಲುಕ್ಯರ ರಾಜಧಾನಿಯಾಗಿತ್ತು. ಆರನೇ ವಿಕ್ರಮಾದಿತ್ಯ (ಆಳಿದ್ದು 1076ರಿಂದ 1126ರವರೆಗೆ) ಇದ್ದಾಗ ಅಲ್ಲಿ ವಿಜ್ಞಾನೇಶ್ವರ ಅನ್ನುವ ಪಂಡಿತನಿದ್ದ. ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಬರೆದ ವ್ಯಾಖ್ಯಾನವೇ 'ಮಿತಾಕ್ಷರ'. ಪುಸ್ತಕದ ಕೊನೆಯಲ್ಲಿ ಕಲ್ಯಾಣದಂಥ ಊರಿಲ್ಲ, ವಿಕ್ರಮನಂಥ ದೊರೆಯಿಲ್ಲ ಅನ್ನುವ ಅರ್ಥದಲ್ಲಿ ಹೊಗಳಿದ್ದಾನೆ ಪುಣ್ಯಾತ್ಮ. ಊರಭಿಮಾನ ಅಂದರೆ ಹೀಗಿರಬೇಕು! ಅದರ ದಾಯಭಾಗದ ಅಧ್ಯಾಯವನ್ನು ಕೋಲ್‌ಬ್ರೂಕ್ 1810ರಲ್ಲಿ ಇಂಗ್ಲಿಷಿಗೆ ತಂದ. ಅಲ್ಲಿಂದ ಮುಂದೆ ಬ್ರಿಟಿಷ್ ಕೋರ್ಟುಗಳು ಬಂಗಾಳ ಬಿಟ್ಟು ಭಾರತದ ಬಹುಭಾಗದಲ್ಲಿ ಹಿಂದೂ ಕುಟುಂಬಗಳ ಆಸ್ತಿ ಜಗಳಗಳನ್ನು ಬಿಡಿಸಿದ್ದು ಕಲ್ಯಾಣದ ಈ ಪುಸ್ತಕವನ್ನು ಮುಂದಿಟ್ಟುಕೊಂಡೇ.

ಮಿತಾಕ್ಷರದಲ್ಲಿ ವಿಜ್ಞಾನೇಶ್ವರ ಒಂದು ಹಳೇ ಶ್ಲೋಕವನ್ನು ಎತ್ತಿಕೊಂಡು ಚರ್ಚೆ ಮಾಡುತ್ತಾನೆ. ಭೂಮಿ ಒಬ್ಬರಿಂದ ಇನ್ನೊಬ್ಬರಿಗೆ ಹೋಗಬೇಕಾದರೆ ಆರು ಸಂಗತಿ ಬೇಕು ಅನ್ನುತ್ತದೆ ಆ ಶ್ಲೋಕ: ಊರಿನವರ ಒಪ್ಪಿಗೆ, ಜ್ಞಾತಿಗಳ ಒಪ್ಪಿಗೆ, ಅಕ್ಕಪಕ್ಕದ ಜಮೀನಿನವರ ಒಪ್ಪಿಗೆ, ದಾಯಾದರ ಒಪ್ಪಿಗೆ, ಚಿನ್ನ ಮತ್ತು ನೀರು.

ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮಜಾ ಇರುವುದು ಇವನು ಕೊಡುವ ವಿವರಣೆಯಲ್ಲಿ. ಊರಿನವರ ಒಪ್ಪಿಗೆ ಯಾಕೆ? ಅವರು ಬೇಡ ಅಂದರೆ ಮಾರಾಟ ನಿಂತುಹೋಗುತ್ತದೆ ಅಂತಲ್ಲ, ವ್ಯವಹಾರ ಬಹಿರಂಗವಾಗಿ ನಡೆಯಲಿ ಅಂತ. ಅಕ್ಕಪಕ್ಕದವರ ಒಪ್ಪಿಗೆ ಯಾಕೆ? ಮುಂದೆ ಗಡಿ ತಕರಾರು ಬರದಿರಲಿ ಅಂತ. ಬೇರೆಯಾದ ಜ್ಞಾತಿಗಳ ಒಪ್ಪಿಗೆ ಯಾಕೆ? ಇವರು ಪಾಲಾಗಿದ್ದಾರೋ ಇಲ್ಲವೋ ಅನ್ನುವ ಸಂಶಯ ಆಮೇಲೆ ಏಳದೆ ವ್ಯವಹಾರ ಸಲೀಸಾಗಲಿ ಅಂತ. ಇನ್ನು ಚಿನ್ನ, ನೀರು? ಸ್ಥಿರಾಸ್ತಿ ಮಾರುವುದನ್ನು ಶಾಸ್ತ್ರ ಒಪ್ಪುವುದಿಲ್ಲ, ದಾನವನ್ನಾದರೆ ಹೊಗಳುತ್ತದೆ. ಆದ್ದರಿಂದ ಮಾರಲೇಬೇಕಾದರೆ ಚಿನ್ನದ ಜೊತೆ ನೀರು ಬಿಟ್ಟು ದಾನದ ರೂಪದಲ್ಲಿ ಮಾರಿ ಅನ್ನುತ್ತಾನೆ. ಬುದ್ಧಿವಂತ! ನಿಯಮ ಮುರಿಯದೆ ಕೆಲಸ ಮಾಡಿಸಿಕೊಳ್ಳುವ ಇಂಥ ಉಪಾಯಕ್ಕೆ ನಮ್ಮ ಸಾಫ್ಟ್‌ವೇರಿನವರು 'ವರ್ಕ್‌ಅರೌಂಡ್' ಅನ್ನುತ್ತೇವೆ.

ಈಗ ಇವತ್ತು ಮನೆ ಮಾರುವವರ ಹತ್ತಿರ ವಕೀಲರು ಕೇಳುವ ಪಟ್ಟಿಯನ್ನು ಪಕ್ಕದಲ್ಲಿಟ್ಟು ನೋಡಿ. ಕೊಳ್ಳುವವರು ಪೇಪರಿನಲ್ಲಿ ಸಾರ್ವಜನಿಕ ಪ್ರಕಟಣೆ ಕೊಡಿಸುತ್ತಾರೆ: ಅದು ಊರಿಗೆ ತಿಳಿಸುವುದು. ಚಕ್ಕುಬಂದಿ ಬರೆಸುತ್ತಾರೆ: ಅದು ಅಕ್ಕಪಕ್ಕದವರದು. ವಂಶವೃಕ್ಷ ಕೇಳುತ್ತಾರೆ, ಪಾಲುಪಟ್ಟಿ ಕೇಳುತ್ತಾರೆ, ಎಲ್ಲಾ ವಾರಸುದಾರರ ಸಹಿ ಬೇಕು ಅನ್ನುತ್ತಾರೆ: ಅದು ಜ್ಞಾತಿ, ದಾಯಾದರದು. ಚಿನ್ನದ ಜಾಗಕ್ಕೆ ಡಿಮ್ಯಾಂಡ್ ಡ್ರಾಫ್ಟ್ ಬಂದಿದೆ. ನೀರಿನ ಜಾಗಕ್ಕೆ ಶಾಯಿ ಬಂದಿದೆ. ಒಂಬೈನೂರು ವರ್ಷದ ಹಿಂದಿನ ಚೆಕ್‌ಲಿಸ್ಟ್, ಐಟಂಗಳು ಅವೇ!

ಎಂಟು ಭೋಗಗಳು, ಒಂದು ದರ್ದು

ನಮ್ಮ ಶಾಸನಗಳಲ್ಲಿ ಸಿಗುವುದು ಹೆಚ್ಚಾಗಿ ದಾನಗಳು: ರಾಜರು, ಸಾಮಂತರು, ಊರ ಗೌಡರು ದೇವಸ್ಥಾನಕ್ಕೋ ಬಸದಿಗೋ ಬ್ರಾಹ್ಮಣರಿಗೋ ಕೊಟ್ಟ ಭೂಮಿ. ಸಾಮಾನ್ಯರು ಮನೆ ಮಾರಿದ್ದನ್ನು ಕಲ್ಲಿನಲ್ಲಿ ಕೆತ್ತಿಸುವಷ್ಟು ದುಡ್ಡು ಯಾರ ಹತ್ತಿರ ಇತ್ತು? ಅವು ತಾಳೆಗರಿಯಲ್ಲಿ, ಕಡತದಲ್ಲಿ ಬರೆದು ಹಾಳಾಗಿ ಹೋದವು. ಆದರೆ ಎರಡರ ಭಾಷೆ ಒಂದೇ ಮನೆತನದ್ದು.

ತಾಮ್ರಪಟ ನೋಡಿದ್ದೀರಾ? ಮೂರೋ ಐದೋ ತಗಡುಗಳನ್ನು ತೂತು ಮಾಡಿ ಒಂದು ಬಳೆಯಲ್ಲಿ ಪೋಣಿಸಿ, ಬಳೆಯ ಕೂಡುಜಾಗಕ್ಕೆ ಮುದ್ರೆ ಒತ್ತುತ್ತಿದ್ದರು. ಗಂಗರದಾದರೆ ಆನೆ, ಚಾಲುಕ್ಯರದಾದರೆ ವರಾಹ. ಮುದ್ರೆ ಒಡೆಯದೆ ನಡುವೆ ಒಂದು ತಗಡು ಸೇರಿಸಲಿಕ್ಕೂ ಆಗದು, ತೆಗೆಯಲಿಕ್ಕೂ ಆಗದು. ಹೊರಗಿನ ಎರಡು ಮುಖಗಳನ್ನು ಸಾಮಾನ್ಯವಾಗಿ ಖಾಲಿ ಬಿಡುತ್ತಿದ್ದರು, ಉಜ್ಜಿ ಅಕ್ಷರ ಸವೆಯದಿರಲಿ ಅಂತ. ಭೂಮಿಯ ಗಡಿಯಲ್ಲಿ ವಾಮನ ಮುದ್ರೆಯ ಕಲ್ಲು, ಲಿಂಗ ಮುದ್ರೆಯ ಕಲ್ಲು ನೆಡುತ್ತಿದ್ದರು. ಮೂರು ಹೆಜ್ಜೆ ಭೂಮಿ ಕೇಳಿದವನನ್ನೇ ಗಡಿ ಕಾಯಲು ನಿಲ್ಲಿಸಿದ್ದಾರೆ ನೋಡಿ!

ಈ ಶಾಸನಗಳಲ್ಲಿ, ಮುಖ್ಯವಾಗಿ ವಿಜಯನಗರದ ಕಾಲದವುಗಳಲ್ಲಿ, ಮತ್ತೆ ಮತ್ತೆ ಬರುವ ಮಾತು 'ಅಷ್ಟಭೋಗ ತೇಜಸ್ವಾಮ್ಯ'. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಅಂತ ಎಂಟು. ನೆಲದಲ್ಲಿ ಸಿಕ್ಕ ನಿಧಿ, ಹೂತಿಟ್ಟ ಗಂಟು, ನೀರು, ಕಲ್ಲು, ಕಡಿಮೆಯಾಗದೆ ಬರುವ ಫಲ, ಮುಂದೆ ಬರಬಹುದಾದ ಲಾಭ, ಈಗಾಗಲೇ ಸಾಧಿಸಿದ್ದು, ಇನ್ನು ಸಾಧಿಸಬಹುದಾದದ್ದು. ಒಟ್ಟಿನಲ್ಲಿ ನೆಲದ ಮೇಲಿನದು, ಕೆಳಗಿನದು, ನಿನ್ನೆಯದು, ನಾಳೆಯದು ಎಲ್ಲವೂ ನಿನ್ನದು, ನನಗೆ ಏನೂ ಉಳಿದಿಲ್ಲ ಅಂತ. ಹಳೇ ಕನ್ನಡ ಕ್ರಯಪತ್ರಗಳಲ್ಲಿ ಇದೇ ಎಂಟು ಭೋಗ, ಇದೇ 'ಆಚಂದ್ರಾರ್ಕ' ಹಾಗೇ ಮುಂದುವರಿದಿವೆ. ನಮ್ಮ ತಾತ 1961ರಲ್ಲಿ ಮನೆ ಕೊಂಡ ಪತ್ರದಲ್ಲೂ ಇದೆ. ಮೂವತ್ತು ಅಡಿ ಅಗಲದ ಹೆಂಚಿನ ಮನೆಗೆ ನಿಧಿ ನಿಕ್ಷೇಪ! ತಾತ ಅಗೆದು ನೋಡಿದ್ದರೋ ಇಲ್ಲವೋ ಗೊತ್ತಿಲ್ಲ :-)

ಹಳೇ ಪತ್ರಗಳಲ್ಲಿ ಬರುವ ಇನ್ನೊಂದು ಮಾತು 'ಗೃಹಕೃತ್ಯದ ದರ್ದಿಗಾಗಿ'. ಮನೆ ಖರ್ಚಿನ ಅಗತ್ಯಕ್ಕೆ ಮಾರುತ್ತಿದ್ದೇನೆ ಅಂತ. ನಾನು ಇದನ್ನು ಮಾರುವವನ ಸಂಕೋಚ ಅಂದುಕೊಂಡಿದ್ದೆ. ಅಲ್ಲ, ಅದು ಕಾನೂನು. ಅವಿಭಕ್ತ ಕುಟುಂಬದ ಆಸ್ತಿಯನ್ನು ಒಬ್ಬನೇ ಮಾರಬಹುದಾದದ್ದು ಯಾವಾಗ ಅಂತ ಮಿತಾಕ್ಷರ ಮೂರು ಸಂದರ್ಭ ಹೇಳುತ್ತದೆ: ಆಪತ್ತಿನಲ್ಲಿ, ಕುಟುಂಬದ ಸಲುವಾಗಿ, ಧರ್ಮಕಾರ್ಯಕ್ಕೆ. ಇಂಗ್ಲಿಷ್ ಕೋರ್ಟುಗಳು ಇದನ್ನೇ 'ಲೀಗಲ್ ನೆಸೆಸಿಟಿ' ಅಂತ ಹೆಸರಿಟ್ಟು ಬೆಳೆಸಿದವು. 1856ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಹನುಮಾನ್ ಪ್ರಸಾದ್ ಪಾಂಡೆಯ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪು ಇದಕ್ಕೆ ಪ್ರಸಿದ್ಧ. ಹಾಗಾಗಿ ಊರಿನ ಪತ್ರಬರಹಗಾರ 'ದರ್ದು' ಅಂತ ಬರೆದಾಗ, ಮುಂದೆ ಮಗನೋ ಮೊಮ್ಮಗನೋ ಕೋರ್ಟಿಗೆ ಹೋದರೆ ಮಾರಾಟ ಬೀಳದಿರಲಿ ಅಂತ ಒಂದು ಗೂಟ ಹೊಡೆಯುತ್ತಿದ್ದ.

ಸೇನಬೋವ, ಕಡತ, ದಸ್ತಾವೇಜು

ಬರೆಯುವವನು ಯಾರು? ಶಾಸನಗಳಲ್ಲಿ ಅವನು 'ಸೇನಬೋವ'. ಅವನೇ ಆಮೇಲೆ ಶ್ಯಾನುಭೋಗನಾದ. ಬರೆಯುತ್ತಿದ್ದುದು ಯಾವುದರ ಮೇಲೆ? ಬಟ್ಟೆಗೆ ಹುಣಸೇಬೀಜದ ಅಂಟು ಮತ್ತು ಇದ್ದಿಲಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುವ ಕಪ್ಪು ಪುಸ್ತಕ. ಅದೇ 'ಕಡತ'. ಇವತ್ತು ವಿಧಾನಸೌಧದಲ್ಲಿ ಫೈಲಿಗೆ ಕಡತ ಅನ್ನುತ್ತಾರಲ್ಲ, ಅದು ಇದೇ. ಬಳಪದ ಅಕ್ಷರವನ್ನು ಒರೆಸಿ ಮತ್ತೆ ಬರೆಯಬಹುದಿತ್ತು ಅನ್ನುವುದನ್ನೂ ನೆನಪಿಡಿ!

ಶ್ಯಾನುಭೋಗಿಕೆ ಅಪ್ಪನಿಂದ ಮಗನಿಗೆ ಬರುತ್ತಿತ್ತು. ಯಾರ ಗದ್ದೆ ಎಲ್ಲಿಯವರೆಗೆ, ಯಾರು ಯಾರಿಗೆ ಮಾರಿದರು ಅನ್ನುವುದೆಲ್ಲ ಒಂದು ಮನೆತನದ ಪೆಟ್ಟಿಗೆಯಲ್ಲಿ, ಒಬ್ಬನ ತಲೆಯಲ್ಲಿ. ಒಳ್ಳೆಯವನಾದರೆ ಊರಿಗೆ ಪುಣ್ಯ, ಇಲ್ಲದಿದ್ದರೆ ಊರಿಗೆ ಊರೇ ಅವನ ಮುಂದೆ ಕೈಕಟ್ಟಿ ನಿಲ್ಲಬೇಕು. ಕರ್ನಾಟಕದಲ್ಲಿ 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಬಂದ ಮೇಲೆ ವಂಶಪಾರಂಪರ್ಯ ಹೋಗಿ ಸಂಬಳದ ಗ್ರಾಮಲೆಕ್ಕಿಗ ಬಂದ.

ಶಬ್ದಗಳ ಕಡೆಗೂ ಒಂದು ನೋಟ ಹಾಕಿ. ಕ್ರಯ, ವಿಕ್ರಯ, ಸಾಕ್ಷಿ ಸಂಸ್ಕೃತದಿಂದ ಬಂದವು. ಮಾರಾಟ, ಕೊಳ್ಳುವುದು, ಒಡೆತನ ಅಚ್ಚ ಕನ್ನಡ. ದಸ್ತಾವೇಜು, ದಸ್ಕತ್ತು ಎರಡರಲ್ಲೂ ಇರುವ 'ದಸ್ತ್' ಪಾರ್ಸಿಯಲ್ಲಿ ಕೈ. ಕಬ್ಜಾ, ವಾರಸು, ತಕರಾರು ಅರಬ್ಬಿ ಮೂಲದವು. ಬೇನಾಮಿ ಅಂದರೆ ಪಾರ್ಸಿಯಲ್ಲಿ ಹೆಸರಿಲ್ಲದ್ದು. ಸ್ಟಾಂಪು, ರಿಜಿಸ್ಟ್ರಿ ಇಂಗ್ಲಿಷು. ಮೈಸೂರು ಕಡೆ ಪಹಣಿ ಅಂದರೆ ಧಾರವಾಡದ ಕಡೆ ಉತಾರ, ಅಲ್ಲಿ ಕ್ರಯಪತ್ರಕ್ಕೆ ಖರೀದಿ ಪತ್ರ. ಚಾಲುಕ್ಯರು, ವಿಜಯನಗರ, ಆದಿಲ್‌ಶಾಹಿ, ಮರಾಠರು, ಹೈದರ್-ಟಿಪ್ಪು, ನಿಜಾಮ, ಕಂಪನಿ ಎಲ್ಲರೂ ಬಂದು ಹೋದರು. ಹೋಗುವಾಗ ಒಂದೊಂದು ಶಬ್ದವನ್ನು ನಮ್ಮ ಮನೆ ಪತ್ರದಲ್ಲಿ ಬಿಟ್ಟು ಹೋದರು. ಒಂದು ಕ್ರಯಪತ್ರ ಓದಿದರೆ ಕರ್ನಾಟಕದ ರಾಜಕೀಯ ಚರಿತ್ರೆಯ ಪರೀಕ್ಷೆ ಪಾಸಾಗಬಹುದು.

ಮುದ್ರೆಯ ಕಾಗದ ಮತ್ತು ಹೆಬ್ಬೆಟ್ಟು

ಸ್ಟಾಂಪ್ ಸುಂಕದ ತವರು ಹಾಲೆಂಡ್, 1624. ಇಂಗ್ಲೆಂಡಿಗೆ ಬಂದದ್ದು 1694ರಲ್ಲಿ, ಫ್ರಾನ್ಸಿನ ಜೊತೆಗಿನ ಯುದ್ಧದ ಖರ್ಚಿಗೆ ಅಂತ. ಯುದ್ಧ ಮುಗಿಯಿತು, ಸುಂಕ ಮುಗಿಯಲಿಲ್ಲ. ಕಂಪನಿ ಸರ್ಕಾರ 1797ರಲ್ಲಿ ಬಂಗಾಳದ ಕಡೆ ಇದನ್ನು ಶುರುಮಾಡಿತು. ಅಂದರೆ ನಾವು ಮನೆ ಮಾರುವಾಗ ಕಟ್ಟಿಸುವ ಸ್ಟಾಂಪ್ ಡ್ಯೂಟಿಯ ಬೇರು ಯಾರದೋ ಯುದ್ಧದಲ್ಲಿದೆ.

ಇಂಗ್ಲೆಂಡಿನಲ್ಲೇ ಹಿಂದೆ ಭೂಮಿ ಮಾರುವುದಕ್ಕೆ ಕಾಗದ ಬೇಕಿರಲಿಲ್ಲ. ಮಾರುವವನು ಕೊಳ್ಳುವವನನ್ನು ಜಮೀನಿಗೇ ಕರೆದುಕೊಂಡು ಹೋಗಿ, ಸಾಕ್ಷಿಗಳ ಎದುರಿಗೆ ಒಂದು ಹೆಂಟೆ ಮಣ್ಣನ್ನೋ ಒಂದು ಕಡ್ಡಿಯನ್ನೋ ಕೈಗೆ ಕೊಡುತ್ತಿದ್ದ. ಅಲ್ಲಿ ಮಣ್ಣು, ಇಲ್ಲಿ ನೀರು. ಬರವಣಿಗೆ ಬೇಕೇ ಬೇಕು ಅಂತ ಅಲ್ಲಿ ಕಾನೂನಾದದ್ದು 1677ರಲ್ಲಿ. ಮಣ್ಣು ಕೊಡುವ ಪದ್ಧತಿ ಕಾನೂನಿನಿಂದ ಪೂರ್ತಿ ಹೋದದ್ದು 1925ರ ಕಾಯ್ದೆಯಲ್ಲಿ!

ಭಾರತದಲ್ಲಿ ನೋಂದಣಿಗೆ ಮೊದಲ ಸಮಗ್ರ ಕಾಯ್ದೆ 1864ರದ್ದು. ಅದನ್ನು 1866, 1871, 1877ರಲ್ಲಿ ತಿದ್ದಿ ತೀಡಿ ಕೊನೆಗೆ 1908ರಲ್ಲಿ ಬಂದ ನೋಂದಣಿ ಕಾಯ್ದೆಯ ಮೇಲೆ ಇವತ್ತಿನ ಸಬ್ ರಿಜಿಸ್ಟ್ರಾರ್ ಕಚೇರಿಗಳ ಕಟ್ಟಡ ನಿಂತಿದೆ. ಸ್ಥಿರಾಸ್ತಿಯ ಪತ್ರಗಳು ದಾಖಲಾಗುವುದು 'ಪುಸ್ತಕ 1'ರಲ್ಲಿ. ಉಯಿಲಿಗೆ ಪುಸ್ತಕ 3. ಪುಸ್ತಕ 2 ಯಾವುದಕ್ಕೆ ಗೊತ್ತಾ? ನೋಂದಣಿ ನಿರಾಕರಿಸಿದ ಕಾರಣಗಳನ್ನು ಬರೆದಿಡುವುದಕ್ಕೆ. ಪುಸ್ತಕ 1 ಮತ್ತು ಅದರ ಸೂಚಿಯನ್ನು ಫೀಸು ಕಟ್ಟಿ ಯಾರು ಬೇಕಾದರೂ ನೋಡಬಹುದು ಅನ್ನುವುದು ಕಾಯ್ದೆಯಲ್ಲೇ ಇದೆ. ವಿಜ್ಞಾನೇಶ್ವರ ಹೇಳಿದ ಬಹಿರಂಗ ಅಂದರೆ ಇದೇ ತಾನೆ? ನಾವು ತೆಗೆಸುವ ಇ.ಸಿ., ಅಂದರೆ ಋಣಭಾರ ಪತ್ರ, ಈ ಸೂಚಿಯಿಂದ ಹೆಕ್ಕಿಕೊಡುವ ಪಟ್ಟಿ. ವ್ಯವಹಾರ ನಡೆದಿದ್ದರೆ ಫಾರಂ 15, ಏನೂ ಇಲ್ಲದಿದ್ದರೆ ಫಾರಂ 16.

ಹೆಬ್ಬೆಟ್ಟಿನ ಕಥೆಯೂ ಭಾರತದ್ದೇ. ವಿಲಿಯಂ ಹರ್ಷೆಲ್ ಅನ್ನುವ ಅಧಿಕಾರಿ 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ರಸ್ತೆ ಸಾಮಾನಿನ ಕರಾರು ಮಾಡಿಕೊಳ್ಳುವಾಗ ಗುತ್ತಿಗೆದಾರನ ಇಡೀ ಅಂಗೈ ಗುರುತು ಒತ್ತಿಸಿಕೊಂಡ. ಆಮೇಲೆ ಆಡುವ ಮಾತು ತಪ್ಪದಿರಲಿ ಅಂತ ಹೆದರಿಸುವುದಕ್ಕೆ ಮಾಡಿದ್ದು. ಎಷ್ಟೋ ವರ್ಷ ಬೆರಳಚ್ಚು ಸಂಗ್ರಹಿಸಿ, 1877ರಲ್ಲಿ ಹೂಗ್ಲಿಯಲ್ಲಿದ್ದಾಗ ಪಿಂಚಣಿಗೂ ಪತ್ರಗಳ ನೋಂದಣಿಗೂ ಬೆರಳಚ್ಚು ಶುರುಮಾಡಿಸಿದ. ಕಳ್ಳರನ್ನು ಹಿಡಿಯಲು ಕಲ್ಕತ್ತೆಯಲ್ಲಿ ಬೆರಳಚ್ಚು ಬ್ಯೂರೋ ಬಂದದ್ದು ಆಮೇಲೆ, 1897ರಲ್ಲಿ. ಅಂದರೆ ಬೆರಳಚ್ಚು ಪೊಲೀಸ್ ಠಾಣೆಗಿಂತ ಮುಂಚೆ ನೋಂದಣಿ ಕಚೇರಿಗೆ ಬಂತು! 2001ರ ತಿದ್ದುಪಡಿಯಿಂದ ಓದುಬರಹ ಬರಲಿ ಬಿಡಲಿ, ಪತ್ರ ಹಾಜರುಪಡಿಸುವವರೆಲ್ಲರ ಫೋಟೋ, ಬೆರಳಚ್ಚು ಕಡ್ಡಾಯವಾಯಿತು. ಎಂ.ಟೆಕ್. ಮಾಡಿದವರೂ ಈಗ ಹೆಬ್ಬೆಟ್ಟೇ.

ಮಾರುವವನ ಕರ್ತವ್ಯ

ಮಾರಾಟದ ದಿನಕ್ಕೆ ತಯಾರಾಗುವವರು ಓದಲೇಬೇಕಾದದ್ದು 1882ರ ಸ್ವತ್ತು ಹಸ್ತಾಂತರ ಕಾಯ್ದೆಯ ಎರಡು ಕಲಂ, 54 ಮತ್ತು 55. ಐವತ್ನಾಲ್ಕನೆಯದು ಹೇಳುವುದು: ನೂರು ರೂಪಾಯಿ ಅಥವಾ ಹೆಚ್ಚಿನ ಬೆಲೆಯ ಸ್ಥಿರಾಸ್ತಿ ಮಾರಬೇಕಾದರೆ ನೋಂದಾಯಿತ ಪತ್ರವೇ ಬೇಕು. ಬರೀ ಕರಾರಿನಿಂದ, ಅಡ್ವಾನ್ಸಿನಿಂದ ಒಡೆತನ ಬರುವುದಿಲ್ಲ. ನೂರು ರೂಪಾಯಿ 1882ರಲ್ಲಿ ದೊಡ್ಡ ಮೊತ್ತ. ಆ ಅಂಕಿಯನ್ನು ಬದಲಾಯಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಸ್ಟಾಂಪ್ ಡ್ಯೂಟಿ ಉಳಿಸಲು ಜಿ.ಪಿ.ಎ. ಮಾಡಿಕೊಂಡು ಸೈಟು ಕೊಂಡವರು ಬೆಂಗಳೂರಿನಲ್ಲಿ ಎಷ್ಟಿಲ್ಲ? 2011ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಸೂರಜ್ ಲ್ಯಾಂಪ್ ಮೊಕದ್ದಮೆಯಲ್ಲಿ, ಅಂಥ ಪತ್ರಗಳಿಂದ ಒಡೆತನ ವರ್ಗವಾಗುವುದಿಲ್ಲ ಅಂತ ಖಡಾಖಂಡಿತವಾಗಿ ಹೇಳಿತು.

ಐವತ್ತೈದನೆಯ ಕಲಂ ಮಾರುವವನ ಕೆಲಸಗಳ ಪಟ್ಟಿ. ಬೇರೆ ಒಪ್ಪಂದ ಇಲ್ಲದಿದ್ದರೆ ಇಷ್ಟು ಮಾಡಬೇಕು: ಕೊಳ್ಳುವವನಿಗೆ ಸುಲಭವಾಗಿ ಕಾಣದ, ತನಗೆ ಗೊತ್ತಿರುವ ದೋಷ ಇದ್ದರೆ ಹೇಳಬೇಕು. ಮೂಲಪತ್ರಗಳನ್ನು ಪರೀಕ್ಷೆಗೆ ಕೊಡಬೇಕು. ಕೇಳಿದ ಪ್ರಶ್ನೆಗೆ ಉತ್ತರಿಸಬೇಕು. ಹಣ ಕೊಟ್ಟಾಗ ಸರಿಯಾದ ಪತ್ರ ಬರೆದುಕೊಡಬೇಕು. ಕರಾರಾದ ದಿನದಿಂದ ವಶಕ್ಕೆ ಕೊಡುವ ದಿನದವರೆಗೆ, ವಿವೇಕವುಳ್ಳ ಮಾಲೀಕ ತನ್ನ ಆಸ್ತಿಯನ್ನು ನೋಡಿಕೊಳ್ಳುವಷ್ಟೇ ಜೋಪಾನವಾಗಿ ನೋಡಿಕೊಳ್ಳಬೇಕು. ಮಾರಾಟದ ದಿನದವರೆಗಿನ ಕಂದಾಯ, ಬಾಕಿ ಎಲ್ಲ ತೀರಿಸಬೇಕು. ಸ್ವಾಧೀನ ಕೊಡಬೇಕು. ಪೂರ್ತಿ ಹಣ ಬಂದ ಮೇಲೆ ತನ್ನ ಬಳಿಯ ಮೂಲಪತ್ರಗಳನ್ನೂ ಒಪ್ಪಿಸಬೇಕು. ಇಷ್ಟು ಮಾಡಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಆ ಜೋಪಾನದ ಮಾತು ನನಗೆ ಬಹಳ ಹಿಡಿಸಿತು. ಕೈಬಿಟ್ಟು ಹೋಗುವ ಮನೆಯ ಮಾಡಿನ ಹೆಂಚು ಒಡೆದಿದ್ದರೆ ಬಿಡು ಅನ್ನುವ ಹಾಗಿಲ್ಲ. ಕೊನೇ ದಿನದವರೆಗೂ ಅದು ನಿನ್ನ ಮನೆ ಅಂತ ಕಾನೂನೇ ಹೇಳುತ್ತದೆ.

ಪತ್ರ ಬರೆದ ನಾಲ್ಕು ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು. ನೋಂದಣಿ ತಡವಾದರೂ ಜಾರಿಯಾಗುವುದು ಬರೆದುಕೊಟ್ಟ ದಿನದಿಂದ. ಒಂದು ವಿಚಿತ್ರ ಗಮನಿಸಿ: ದಾನಪತ್ರಕ್ಕೆ ಇಬ್ಬರು ಸಾಕ್ಷಿಗಳ ಸಹಿ ಕಡ್ಡಾಯ, ಕ್ರಯಪತ್ರಕ್ಕೆ ಅದೇ ಕಾಯ್ದೆ ಹಾಗೆ ಕೇಳುವುದಿಲ್ಲ. ಆದರೂ ಸಾಕ್ಷಿ ಹಾಕಿಸದ ಕ್ರಯಪತ್ರವನ್ನು ನಾನಂತೂ ನೋಡಿಲ್ಲ. ಊರಿನವರು ಇರಲಿ ಅನ್ನುವ ಅಭ್ಯಾಸ ಅಷ್ಟು ಬೇಗ ಹೋಗುತ್ತದೆಯೇ?

ದಾಯಾದರು ಅಂದರೆ ಯಾರು?

ಈಗ ನಿಜವಾದ ಗಂಟಿನ ಹತ್ತಿರ ಬಂದೆವು. ವಿಜ್ಞಾನೇಶ್ವರನ ಆರರಲ್ಲಿ ಐದು ಹೆಚ್ಚು ಕಡಿಮೆ ಹಾಗೇ ಇವೆ. ಬದಲಾದದ್ದು ಒಂದು: ದಾಯಾದರು ಅಂದರೆ ಯಾರು ಅನ್ನುವುದು. ಹುಟ್ಟಿನಿಂದಲೇ ಪಾಲು ಅನ್ನುವ ಮಿತಾಕ್ಷರದ ಹಕ್ಕು ಗಂಡುಮಕ್ಕಳಿಗೆ ಮಾತ್ರ ಇತ್ತು. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಂಗಸರ ಹಕ್ಕಿನ ಕಾಯ್ದೆ ತಂದು ಒಂದು ಬಾಗಿಲು ತೆರೆದಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ, ಉಯಿಲು ಬರೆಯದೆ ತೀರಿಕೊಂಡವನ ಸ್ವಯಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಕೊಟ್ಟಿತು. ಪಿತ್ರಾರ್ಜಿತದಲ್ಲಿ ಹುಟ್ಟಿನ ಹಕ್ಕು ಕರ್ನಾಟಕದ ಹೆಣ್ಣುಮಕ್ಕಳಿಗೆ ಬಂದದ್ದು 1994ರಲ್ಲಿ, ಅದೂ ಆ ಹೊತ್ತಿಗೆ ಮದುವೆಯಾಗದವರಿಗೆ. ದೇಶಕ್ಕೆಲ್ಲ ಬಂದದ್ದು 2005ರ ಸೆಪ್ಟೆಂಬರ್ 9ರಿಂದ, ಮದುವೆಯ ಷರತ್ತಿಲ್ಲದೆ. ಆ ದಿನ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ ಅಂತ ಸುಪ್ರೀಂ ಕೋರ್ಟು 2020ರಲ್ಲಿ ವಿನೀತಾ ಶರ್ಮಾ ಮೊಕದ್ದಮೆಯಲ್ಲಿ ಸ್ಪಷ್ಟ ಮಾಡಿತು.

ತಾತನ ಆ ಮನೆ ಮಾರುವಾಗ ನಮ್ಮಲ್ಲೂ ಈ ಗಂಟು ಬಂತು. ತಾತ ಉಯಿಲು ಬರೆದಿರಲಿಲ್ಲ. ಹಿರಿಯರೊಬ್ಬರು, 'ಅವಳ ಮದುವೆ ತೊಂಬತ್ನಾಲ್ಕಕ್ಕಿಂತ ಮುಂಚೆ ಆಗಿದೆ, ಅವಳಿಗೆ ಹಕ್ಕೇ ಇಲ್ಲ, ಸುಮ್ಮನೆ ಒಂದು ಸಹಿ ಹಾಕಿಸಿದರಾಯ್ತು' ಅಂತ ನಮ್ಮ ಅತ್ತೆಯ ಬಗ್ಗೆ ಷರಾ ಬರೆದುಬಿಟ್ಟಿದ್ದರು. ಮನೆ ತಾತ ತಮ್ಮ ಸಂಬಳದಲ್ಲಿ ಕೊಂಡದ್ದು. 1956ರ ಕಾಯ್ದೆಯ ಪ್ರಕಾರ ಅತ್ತೆಗೆ ಅಣ್ಣತಮ್ಮಂದಿರಷ್ಟೇ ಪಾಲು, 1994ಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ವಕೀಲರು ಅದನ್ನು ಬಿಡಿಸಿ ಹೇಳಿದ ಮೇಲೆ ಕೂಡ ಎಲ್ಲರೂ ಅತ್ತೆ 'ಬಿಟ್ಟುಕೊಡುತ್ತಾಳೆ' ಅಂತಲೇ ಕಾಯುತ್ತಿದ್ದರು. ಅತ್ತೆ ಬಿಟ್ಟುಕೊಡಲಿಲ್ಲ. ಜಗಳವನ್ನೂ ಆಡಲಿಲ್ಲ. 'ನನ್ನ ಹೆಸರೂ ಮಾರುವವರಲ್ಲಿ ಬರಲಿ, ಪತ್ರ ನನಗೆ ಓದಿ ಹೇಳಿ, ಆಮೇಲೆ ಸಹಿ' ಅಂದರು.

ಓದಿಸಿದರು. ಚಕ್ಕುಬಂದಿ ಬಂದಾಗ ಅತ್ತೆ ನಿಲ್ಲಿಸಿ, 'ಉತ್ತರಕ್ಕೆ ಬಾವಿ ಇದೆಯಲ್ಲ, ಅದರಲ್ಲಿ ಪಕ್ಕದ ಮನೆಯವರಿಗೂ ನೀರು ಸೇದುವ ಹಕ್ಕಿದೆ, ಅದನ್ನು ಯಾಕೆ ಬರೆದಿಲ್ಲ?' ಅಂದರು. ಅರವತ್ತೊಂದರ ಪತ್ರದಲ್ಲಿ ನೋಡಿದರೆ ಹೌದು, ಬರೆದಿದೆ. ಕಂಪ್ಯೂಟರಿನಲ್ಲಿ ಡ್ರಾಫ್ಟ್ ಮಾಡುವಾಗ ಬಿಟ್ಟುಹೋಗಿತ್ತು. ಮೂರೂ ಗಂಡುಮಕ್ಕಳಿಗೆ ಅದು ನೆನಪಿಗೆ ಬಂದಿರಲಿಲ್ಲ, ಆ ಬಾವಿಯಿಂದ ದಿನಾ ನೀರು ಸೇದಿದವರು ಅತ್ತೆ ತಾನೆ! ಪತ್ರ ತಿದ್ದಿ, ಕೊಳ್ಳುವವರಿಗೂ ತಿಳಿಸಿ, ಆಮೇಲೆ ರಿಜಿಸ್ಟ್ರೇಷನ್ ಆಯಿತು. ಅತ್ತೆಯ ಪಾಲಿನ ಡಿ.ಡಿ. ಅತ್ತೆಯ ಹೆಸರಿಗೇ ಬಂತು. ಇದರಲ್ಲಿ ಯಾರೂ ದೊಡ್ಡ ಮನಸ್ಸು ಮಾಡಲಿಲ್ಲ, ಮಾಡಬೇಕಾಗಿಯೂ ಇರಲಿಲ್ಲ. ಪಾಲು ಪಾಲೇ.

ದಾಯಾದರ ಒಪ್ಪಿಗೆ ಬರೀ ಸಹಿ ಸಂಗ್ರಹ ಅಲ್ಲ ಅನ್ನುವುದು ನನಗೆ ಅರ್ಥವಾದದ್ದು ಅಲ್ಲಿ. ಹೆಚ್ಚು ಜನ ಓದಿದಷ್ಟೂ ಪತ್ರ ಸರಿಯಾಗುತ್ತದೆ. ಕೋಡ್ ರಿವ್ಯೂ ಮಾಡಿದ ಹಾಗೆ.

ತೆಲಗಿ, ಭೂಮಿ, ಕಾವೇರಿ

ಇನ್ನು ನಮ್ಮ ಕಾಲ. ಬೆಳಗಾವಿ ಜಿಲ್ಲೆಯ ಖಾನಾಪುರದ ಅಬ್ದುಲ್ ಕರೀಂ ತೆಲಗಿ ನಕಲಿ ಛಾಪಾ ಕಾಗದ ಅಚ್ಚು ಹಾಕಿಸಿ ದೇಶದ ತುಂಬಾ ಮಾರಿದ. 2001ರಲ್ಲಿ ಅಜ್ಮೀರದಲ್ಲಿ ಸಿಕ್ಕಿಬಿದ್ದ, 30 ವರ್ಷ ಶಿಕ್ಷೆಯಾಯಿತು, 2017ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡ. ಗಂಗರ ಆನೆ ಮುದ್ರೆಗೆ ಇದ್ದ ನಂಬಿಕೆ ನಾಸಿಕದ ಅಚ್ಚಿಗೆ ಉಳಿಯಲಿಲ್ಲ. ಕ್ರಮೇಣ ಕಾಗದದ ಜಾಗಕ್ಕೆ ಇ-ಸ್ಟಾಂಪ್ ಬಂತು.

ಅದೇ ಹೊತ್ತಿಗೆ, 2000-01ರಲ್ಲಿ, 'ಭೂಮಿ' ಯೋಜನೆಯಲ್ಲಿ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. ಹಿಂದೆಯೇ ನೋಂದಣಿ ಇಲಾಖೆಗೆ 'ಕಾವೇರಿ'. ನದಿಯ ಹೆಸರಲ್ಲ ಸ್ವಾಮಿ, 'ಕರ್ನಾಟಕ ವ್ಯಾಲ್ಯುಯೇಷನ್ ಅಂಡ್ ಇ-ರಿಜಿಸ್ಟ್ರೇಷನ್' ಅನ್ನುವುದನ್ನು ಹಿಂಡಿ ತೆಗೆದ ಹೆಸರು. ಕೈಯಲ್ಲಿ ನಕಲು ಬರೆಯುವ ಗುಮಾಸ್ತರ ಕಾಲ ಮುಗಿಯಿತು. 2023ರಲ್ಲಿ ಕಾವೇರಿ 2.0 ಬಂದು ಪತ್ರದ ಕರಡನ್ನು ಮನೆಯಿಂದಲೇ ಸಲ್ಲಿಸಿ ದಿನ ಗೊತ್ತುಮಾಡಿಕೊಳ್ಳುವ ಹಾಗಾಯಿತು. 2024ರ ಅಕ್ಟೋಬರಿನಿಂದ ಬೆಂಗಳೂರಿನಲ್ಲಿ ಮಾರಾಟಕ್ಕೆ ಇ-ಖಾತೆ ಕಡ್ಡಾಯವಾಯಿತು. ಇದರ ಜೊತೆಗೆ 50 ಲಕ್ಷ ಅಥವಾ ಹೆಚ್ಚಿನ ಬೆಲೆಯ ಮನೆಯಾದರೆ ಕೊಳ್ಳುವವರು ಶೇಕಡಾ 1 ತೆರಿಗೆ ಹಿಡಿದು ಕಟ್ಟಬೇಕು ಅಂತ 2013ರ ಜೂನ್ 1ರಿಂದ, ನಗದಿನಲ್ಲಿ 20 ಸಾವಿರ ಅಥವಾ ಹೆಚ್ಚು ತೆಗೆದುಕೊಳ್ಳುವಂತಿಲ್ಲ ಅಂತ 2015ರ ಜೂನ್ 1ರಿಂದ ನಿಯಮ ಬಂತು. ಚಿನ್ನದ ಭಾಗಕ್ಕೂ ಈಗ ಕಾವಲು.

ಇಷ್ಟೆಲ್ಲ ಆದರೂ ಒಂದು ಮಾತು ಬಹಳ ಜನಕ್ಕೆ ಗೊತ್ತಿಲ್ಲ. ಸಬ್ ರಿಜಿಸ್ಟ್ರಾರ್ ನೋಂದಾಯಿಸುವುದು ಪತ್ರವನ್ನು, ಒಡೆತನವನ್ನಲ್ಲ! ಬರೆದುಕೊಟ್ಟದ್ದು ನೀವೇನಾ ಅಂತ ಕೇಳುತ್ತಾರೆ. ಮಾರುವ ಹಕ್ಕು ನಿಮಗೆ ನಿಜವಾಗಿ ಇದೆ ಅಂತ ಸರ್ಕಾರ ಜಾಮೀನು ನಿಲ್ಲುವುದಿಲ್ಲ. ದಕ್ಷಿಣ ಆಸ್ಟ್ರೇಲಿಯಾದಲ್ಲಿ ರಾಬರ್ಟ್ ಟಾರೆನ್ಸ್ 1858ರಲ್ಲಿ ತಂದ ಪದ್ಧತಿಯಲ್ಲಿ ರಿಜಿಸ್ಟರಿನಲ್ಲಿ ಹೆಸರಿದ್ದವನೇ ಒಡೆಯ. ನಮ್ಮದು ಹಾಗಲ್ಲ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಪುಸ್ತಕ 1 ಬರೀ ಲಾಗ್ ಫೈಲು. ಯಾರು ಯಾವಾಗ ಏನು ಹೇಳಿದರು ಅಂತ ಬರೆದಿಟ್ಟಿರುತ್ತದೆ. ಅದನ್ನು ಮೊದಲಿಂದ ಓದಿಕೊಂಡು ಬಂದು ಒಡೆಯ ಯಾರು ಅಂತ ಲೆಕ್ಕ ಹಾಕುವುದು ನಿಮ್ಮ ವಕೀಲರ ಕೆಲಸ. ಜಗಳವಾದರೆ ಕೋರ್ಟಿನ ಕೆಲಸ.

ಹಾಗಾಗಿಯೇ ಮಾರುವವರ ತಯಾರಿಗೆ ಅಷ್ಟು ಬೆಲೆ. ಸರ್ವರ್ ಎಷ್ಟೇ ಹೊಸದಾಗಲಿ, ಬಾವಿಯ ಹಕ್ಕನ್ನು ಅದು ತಾನಾಗಿ ನೆನಪಿಸುವುದಿಲ್ಲ, ಪಟ್ಟಿಯಲ್ಲಿ ಬಿಟ್ಟ ಮಗಳ ಹೆಸರನ್ನು ಅದು ತಾನಾಗಿ ಸೇರಿಸುವುದಿಲ್ಲ. ಅದನ್ನು ಊರು, ನೆರೆ, ನಂಟರೇ ಹೇಳಬೇಕು.

ನಿಮ್ಮಲ್ಲಿ ಯಾರಾದರೂ ಸದ್ಯದಲ್ಲೇ ಮನೆ ಮಾರುವವರಿದ್ದರೆ ಒಂದೆರಡು ಮಾತು. ಮೂಲಪತ್ರಗಳನ್ನು ದಯವಿಟ್ಟು ಲ್ಯಾಮಿನೇಟ್ ಮಾಡಿಸಬೇಡಿ, ಹಿಂದಿನ ಮುದ್ರೆ, ಷರಾ ಪರೀಕ್ಷಿಸಲು ಕಷ್ಟವಾಗುತ್ತದೆ. ಒಪ್ಪಿಸುವ ಮುಂಚೆ ಪ್ರತಿಯೊಂದು ಹಾಳೆಯ ಎರಡೂ ಮಗ್ಗುಲನ್ನು ಸ್ಕ್ಯಾನ್ ಮಾಡಿಟ್ಟುಕೊಳ್ಳಿ, ಆಮೇಲೆ ಆ ಶ್ಯಾನುಭೋಗರ ಕೈಬರಹ ನಿಮಗೆ ಸಿಗುವುದಿಲ್ಲ. ಮತ್ತೆ, ಸಹಿ ಹಾಕುವವರೆಲ್ಲರನ್ನೂ ಕೂರಿಸಿಕೊಂಡು ಪತ್ರವನ್ನು ಒಂದು ಸಲ ಗಟ್ಟಿಯಾಗಿ ಓದಿ. ಹೆಂಗಸರನ್ನು ಅಡುಗೆಮನೆಯಿಂದ ಕರೆದು ಕೂರಿಸಿ.

ನಿಮ್ಮ ಮನೆಯ ಹಳೇ ಪತ್ರದಲ್ಲೂ ನಿಧಿ ನಿಕ್ಷೇಪ ಇದೆಯಾ? ದರ್ದು ಇದೆಯಾ? ಕರಾವಳಿಯವರು ಮೂಲಗೇಣಿ ಚೀಟಿ ನೋಡಿದ್ದರೆ, ಕೊಡಗಿನವರು ಜಮ್ಮಾ ಕಾಗದ ನೋಡಿದ್ದರೆ ಅಲ್ಲಿನ ಶಬ್ದಗಳು ಹೇಗಿವೆ ಅಂತ ದಯವಿಟ್ಟು ಬರೆಯಿರಿ. ನಮ್ಮ ಕಡೆಯದು ಇಷ್ಟು, ನಿಮ್ಮ ಕಡೆಯದು ಕೇಳುವ ಆಸೆ ಇದೆ.